ಹೆಗಲ ಮೇಲೆ ಎರಡು ದೀಪ: ಬೆಳಗುವ ಕ್ಲಿಕ್ ದುಂಬಿಗಳ ರೂಪ ಮತ್ತು ನೆಲೆ

ಬೆಳಗುವ ಹುಳ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಿಂಚುಹುಳ. ಹೊತ್ತುತ್ತದೆ, ಆರುತ್ತದೆ, ಸ್ವಲ್ಪ ದೂರ ಹೋಗಿ ಮತ್ತೆ ಹೊತ್ತುತ್ತದೆ. ಇವತ್ತು ನಾವು ನೋಡಬೇಕಾದ ಹುಳ ಹಾಗೆ ಮಿಣುಕುವುದಿಲ್ಲ. ಅದು ಒಂದೇ ಸಮನೆ ಉರಿಯುತ್ತದೆ. ಅದರ ಬೆಳಕು ಬಾಲದ ತುದಿಯಲ್ಲಿಲ್ಲ, ಹೆಗಲ ಮೇಲಿದೆ. ಎರಡೂ ಹೆಗಲಿಗೆ ಒಂದೊಂದು.

ಇವು ಎಲಾಟೆರಿಡೇ ಕುಟುಂಬದವು, ಅಂದರೆ ಕ್ಲಿಕ್ ದುಂಬಿಗಳು. ಇಲ್ಲಿ ದುಂಬಿ ಎಂದರೆ ಪದ್ಯಗಳಲ್ಲಿ ಹೂವಿನ ಸುತ್ತ ಝೇಂಕರಿಸುವ ದುಂಬಿ ಅಲ್ಲ. ಗೊಣ್ಣೆಹುಳುವಿನ ದುಂಬಿ ಎಂದು ಕೃಷಿಯವರು ಹೇಳುತ್ತಾರಲ್ಲ, ಆ ದುಂಬಿ: ಮೇಲಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿ ಬೆನ್ನನ್ನು ಮುಚ್ಚುವ ಕೀಟ. ಜೀರುಂಡೆ ಎನ್ನಬಹುದಿತ್ತು, ಆದರೆ ಮರದ ಮೇಲೆ ಕುಳಿತು ಕಿರ್ರೆಂದು ಕೂಗುವ ಹುಳಕ್ಕೂ ಅದೇ ಹೆಸರಿದೆ, ಗೊಂದಲವಾಗುತ್ತದೆ.

ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟ ಕ್ಲಿಕ್ ದುಂಬಿಗಳು ಸುಮಾರು 10,000 ಪ್ರಭೇದ. ಅವುಗಳಲ್ಲಿ ಬೆಳಕು ಕೊಡುವವು ಸುಮಾರು 200. ಕುಟುಂಬ ಭೂಮಿಯ ಎಲ್ಲ ಕಡೆ ಹಬ್ಬಿದೆ, ಬೆಳಕು ಮಾತ್ರ ಹಬ್ಬಿಲ್ಲ. ಈ 200ರಲ್ಲಿ ಬಹುತೇಕ ಎಲ್ಲವೂ ಅಮೆರಿಕ ಖಂಡಗಳಲ್ಲೇ ಇವೆ. ಆಫ್ರಿಕದಲ್ಲಿ ಇಲ್ಲ, ಯುರೋಪಿನಲ್ಲಿ ಇಲ್ಲ. ನಡುವೆ ಪೆಸಿಫಿಕ್ ಸಾಗರದ ಎರಡು ದ್ವೀಪಸಮೂಹಗಳಲ್ಲಿ ಒಂದಿಷ್ಟು, ಚೀನಾದ ಒಂದು ಮೂಲೆಯಲ್ಲಿ ಒಂದು. ಬೆಳಕು ಮೈಯ ಮೇಲೆ ಎಲ್ಲಿ ಕೂತಿದೆ, ಆ ಹುಳ ಭೂಪಟದ ಮೇಲೆ ಎಲ್ಲಿ ಕೂತಿದೆ, ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ಮೊದಲು ಬೆಳಕಿಲ್ಲದ ಸಾಮಾನ್ಯ ಕ್ಲಿಕ್ ದುಂಬಿಯ ಮೈಕಟ್ಟು ತಿಳಿದಿರಲಿ. ದೇಹ ಉದ್ದ, ತುಸು ಚಪ್ಪಟೆ, ಎರಡೂ ಬದಿ ಸಮಾನಾಂತರ, ಹಿಂದಕ್ಕೆ ಹೋದಂತೆ ಸಪೂರ. ಕುಡಿಮೀಸೆ ಹೆಚ್ಚಿನವುಗಳಲ್ಲಿ ಗರಗಸದ ಹಲ್ಲಿನಂತೆ. ತಲೆಯ ಹಿಂದೆ ಕಾಣುವ ದೊಡ್ಡ ಗುರಾಣಿಯಂಥ ಭಾಗವೇ ಮುನ್ನೆದೆಯ ಫಲಕ. ಅದರ ಹಿಂದಿನ ಎರಡು ಮೂಲೆಗಳನ್ನು ಗಮನಿಸಿ: ಅವು ದುಂಡಗೆ ಮುಗಿಯುವುದಿಲ್ಲ, ಹಿಂದಕ್ಕೆ ಮುಳ್ಳಿನಂತೆ ಚಾಚಿ ರೆಕ್ಕೆಯ ಬುಡವನ್ನು ಎರಡೂ ಕಡೆಯಿಂದ ತಬ್ಬಿರುತ್ತವೆ. ದೂರದಿಂದ ನೋಡಿದರೂ ಈ ಕುಟುಂಬವನ್ನು ಗುರುತಿಸಲು ಈ ಒಂದು ಲಕ್ಷಣ ಬಹಳ ಸಲ ಸಾಕು. ಹೆಗಲು ಎಂದು ನಾನು ಕರೆಯುತ್ತಿರುವುದು ಈ ಮೂಲೆಗಳನ್ನೇ.

ಇನ್ನು ಹೊಟ್ಟೆಯ ಕಡೆ ತಿರುಗಿಸಿ. ಮುನ್ನೆದೆಯ ಅಡಿಯಿಂದ ಹಿಂದಕ್ಕೆ ಒಂದು ಗೂಟ ಚಾಚಿದೆ. ಅದರ ಎದುರಿಗೆ ನಡುವೆದೆಯ ಅಡಿಯಲ್ಲಿ ಒಂದು ಕುಳಿ ಇದೆ. ಹುಳ ಅಂಗಾತ ಬಿದ್ದಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ. ಗೂಟ ಕುಳಿಯಿಂದ ಹೊರಬಂದು ಅದರ ಅಂಚಿಗೆ ಒತ್ತಿ ನಿಲ್ಲುತ್ತದೆ. ಸ್ನಾಯು ಎಳೆಯುತ್ತಲೇ ಇರುತ್ತದೆ, ಗೂಟ ಜಾರುವುದಿಲ್ಲ, ಎದೆಯ ಕೀಲಿನಲ್ಲಿ ಬಿಗಿತ ಕೂಡುತ್ತಾ ಹೋಗುತ್ತದೆ. ಗೂಟ ಅಂಚು ತಪ್ಪಿದ ಕ್ಷಣ ಆ ಬಿಗಿತವೆಲ್ಲ ಒಮ್ಮೆಲೇ ಬಿಚ್ಚಿಕೊಂಡು, ಗೂಟ ಕುಳಿಗೆ ಬಡಿದು, ಚಿಟಕ್ ಎಂಬ ಸದ್ದಾಗಿ ಹುಳ ಮೇಲಕ್ಕೆ ಚಿಮ್ಮುತ್ತದೆ. ಕಾಲುಗಳಿಗೆ ಇಲ್ಲಿ ಕೆಲಸವೇ ಇಲ್ಲ. ಯುರೋಪಿನ ಅಥೌಸ್ ಹೀಮೊರಾಯ್ಡಾಲಿಸ್ ಎಂಬ ಪ್ರಭೇದದ ಜಿಗಿತವನ್ನು ಎಂ. ಇ. ಜಿ. ಎವಾನ್ಸ್ ಅಳೆದು 1972ರಲ್ಲಿ ಪ್ರಕಟಿಸಿದರು: ಎತ್ತರ ಸುಮಾರು 30 ಸೆಂಟಿಮೀಟರ್, ಚಿಮ್ಮುವ ಕ್ಷಣದ ವೇಗವರ್ಧನೆ ಗುರುತ್ವದ ಸುಮಾರು 380 ಪಟ್ಟು.

ಈ ಗೂಟ ಮತ್ತು ಕುಳಿ ಬೆಳಗುವ ಗುಂಪಿನಲ್ಲೂ ಹಾಗೇ ಇವೆ. ರಾತ್ರಿ ಬೆಳಗುವ ದುಂಬಿಯೊಂದು ಕೈಗೆ ಸಿಕ್ಕು, ಅದು ಮಿಂಚುಹುಳವೋ ಕ್ಲಿಕ್ ದುಂಬಿಯೋ ಎಂಬ ಸಂಶಯ ಬಂದರೆ ಅಂಗಾತ ಮಲಗಿಸಿ ನೋಡಿ. ಚಿಟಕ್ ಎಂದರೆ ಅಲ್ಲಿಗೆ ಪ್ರಶ್ನೆ ಮುಗಿಯಿತು. ಬ್ರೆಜಿಲ್‌ನಲ್ಲಿ ಇವನ್ನು ತೆಕ್-ತೆಕ್ ಎಂದೇ ಕರೆಯುತ್ತಾರೆ. ಹೆಸರಲ್ಲೇ ಪರೀಕ್ಷೆಯೂ ಇದೆ.

ಈಗ ಬೆಳಗುವ ಗುಂಪು. ಇದರ ಮುಖ್ಯ ಪಂಗಡ ಪೈರೊಫೊರಿನಿ. ಪೈರೊಫೋರಸ್ ಎಂಬ ಕುಲದಿಂದ ಈ ಹೆಸರು ಬಂತು, ಬೆಂಕಿ ಹೊತ್ತವನು ಎಂದು ಅರ್ಥ. ಈ ಕುಲದ ನಾಕ್ಟಿಲ್ಯೂಕಸ್ ಪ್ರಭೇದವನ್ನು ಲಿನೇಯಸ್ 1758ರಲ್ಲೇ ವರ್ಣಿಸಿದ್ದ. ದೊಡ್ಡ ಹುಳ, 20ರಿಂದ 40 ಮಿಲಿಮೀಟರ್ ಉದ್ದ. ಬಣ್ಣದಲ್ಲಿ ಕಣ್ಸೆಳೆಯುವಂಥದ್ದೇನೂ ಇಲ್ಲ: ಕಂದು ಮೈ, ಅದರ ಮೇಲೆ ಬೂದು ಮಿಶ್ರಿತ ಹಳದಿ ಬಣ್ಣದ ಸಣ್ಣ ಕೂದಲಿನ ಹೊದಿಕೆ. ಹಗಲಲ್ಲಿ ಒಣ ತೊಗಟೆಯ ಮೇಲೆ ಕೂತರೆ ಕಾಣುವುದೇ ಇಲ್ಲ.

ಹೆಗಲ ದೀಪವನ್ನು ಹತ್ತಿರದಿಂದ ನೋಡೋಣ. ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ ಸಾಕು. ಮುನ್ನೆದೆಯ ಫಲಕದ ಹಿಂದಿನ ಮೂಲೆಗೆ ಸಮೀಪ, ಮುಳ್ಳು ಶುರುವಾಗುವ ಜಾಗದ ತುಸು ಮುಂದೆ, ಒಂದು ದುಂಡನೆಯ ಅಥವಾ ಮೊಟ್ಟೆಯಾಕಾರದ ಉಬ್ಬು. ಸುತ್ತಲಿನ ಚಿಪ್ಪು ಕಂದು, ಇದು ಮಾತ್ರ ಮಾಸಲು ಹಳದಿ, ಮೇಣದ ಹನಿ ಬಿದ್ದು ಗಟ್ಟಿಯಾದಂತೆ. ಈ ಕಡೆ ಒಂದು, ಆ ಕಡೆ ಒಂದು. ಆ ಉಬ್ಬಿನ ಮೇಲೆ ಚಿಪ್ಪು ತೆಳುವಾಗಿ ಬೆಳಕನ್ನು ಹೊರಬಿಡುತ್ತದೆ, ಬೆಳಕು ಹುಟ್ಟಿಸುವ ಅಂಗಾಂಶ ಅದರ ಕೆಳಗಿದೆ. ಸತ್ತು ಒಣಗಿದ ಹುಳದಲ್ಲೂ ಈ ಹಳದಿ ಉಬ್ಬು ಉಳಿಯುತ್ತದೆ. ಆದ್ದರಿಂದ ಕತ್ತಲೆಯಲ್ಲಿ ಬೆಳಗಿದ್ದನ್ನು ನೋಡದಿದ್ದರೂ ಇದು ಬೆಳಗುವ ಗುಂಪಿನದೇ ಎಂದು ಸಂಗ್ರಹಾಲಯದ ಪೆಟ್ಟಿಗೆಯಲ್ಲೇ ಹೇಳಬಹುದು.

ಹುಳವನ್ನು ಮುಟ್ಟಿದರೆ, ಅಲುಗಾಡಿಸಿದರೆ ಹೆಗಲ ದೀಪಗಳು ಏರುತ್ತವೆ. ಸ್ವಿಚ್ ಹಾಕಿದಂತೆ ಥಟ್ಟನೆ ಅಲ್ಲ, ಒಲೆಯ ಕೆಂಡಕ್ಕೆ ಊದಿದಾಗ ಕೆಂಪೇರುತ್ತದಲ್ಲ, ಹಾಗೆ. ಮತ್ತೆ ನಿಧಾನವಾಗಿ ಇಳಿಯುತ್ತವೆ. ಬೆಳಕಿನ ಪ್ರಮಾಣ ಹೆಚ್ಚು ಕಡಿಮೆ ಮಾಡಬಲ್ಲದು, ಆದರೆ ಮಿಂಚುಹುಳದ ಮಿಣುಕಿನ ತಾಳ ಇಲ್ಲಿಲ್ಲ.

ಮೂರನೆಯ ದೀಪವೊಂದಿದೆ. ಅದನ್ನು ಬಹಳ ಮಂದಿ ನೋಡಿಯೇ ಇರುವುದಿಲ್ಲ, ಯಾಕೆಂದರೆ ಕೂತ ಹುಳದಲ್ಲಿ ಅದು ಕಾಣುವುದಿಲ್ಲ. ಹೊಟ್ಟೆಯ ಅಡಿಭಾಗದಲ್ಲಿ, ಎದೆ ಮುಗಿದು ಉದರ ಶುರುವಾಗುವ ಸಂದಿಯಲ್ಲಿ ಅದು ಅಡಗಿದೆ. ಹಾರುವಾಗ ಗಟ್ಟಿ ರೆಕ್ಕೆ ಮೇಲೇಳುತ್ತದೆ, ಹೊಟ್ಟೆ ಕೆಳಗೆ ಬಾಗುತ್ತದೆ, ಆ ಸಂದಿ ತೆರೆದುಕೊಳ್ಳುತ್ತದೆ, ದೀಪ ಹೊರಗೆ ಕಾಣುತ್ತದೆ. ಹಾರುವ ಹುಳವನ್ನು ಕೆಳಗಿನಿಂದ ನೋಡುವವರಿಗೆ ಎದ್ದು ಕಾಣುವುದು ಈ ಹೊಟ್ಟೆ ದೀಪ. ಹುಲ್ಲಿನ ಮೇಲೆ ಕೂತ ಅದೇ ಹುಳ ತೋರಿಸುವುದು ಹೆಗಲ ದೀಪಗಳನ್ನು. ಒಂದೇ ಹುಳವನ್ನು ಎರಡು ಬೇರೆ ಹುಳಗಳೆಂದು ಬರೆದುಕೊಳ್ಳುವ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ, ಅದರಲ್ಲೂ ಎರಡು ದೀಪಗಳ ಬಣ್ಣ ಬೇರೆಯಾಗಿದ್ದರೆ.

ಬಣ್ಣ ಬೇರೆಯಾಗಿರುತ್ತದೆಯೇ ಎಂದು ಕೇಳುತ್ತೀರಿ. ಇರುತ್ತದೆ. ಜಮೈಕಾ ದ್ವೀಪದ ಪೈರೊಫೋರಸ್ ಪ್ಲೇಜಿಯೊಫ್ಥಾಲಮಸ್ ಇದಕ್ಕೆ ತುಂಬ ಒಳ್ಳೆಯ ಉದಾಹರಣೆ. ಇದು ಒಂದೇ ಪ್ರಭೇದ. ಹೆಗಲ ದೀಪ ಒಂದು ಹುಳದಲ್ಲಿ ಅಪ್ಪಟ ಹಸಿರು, ಇನ್ನೊಂದರಲ್ಲಿ ಹಳದಿ ಮಿಶ್ರಿತ ಹಸಿರು. ಹೊಟ್ಟೆ ದೀಪದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು, ಕಿತ್ತಳೆ ಬಣ್ಣದವರೆಗೂ ಹೋಗುತ್ತದೆ. 1989ರಲ್ಲಿ ಈ ಹುಳದ ಲೂಸಿಫರೇಸ್, ಅಂದರೆ ಬೆಳಕು ಹುಟ್ಟಿಸುವ ಕಿಣ್ವಗಳ ಜೀನ್‌ಗಳನ್ನು ಬೇರ್ಪಡಿಸಿದಾಗ ನಾಲ್ಕು ಬಗೆ ಸಿಕ್ಕವು, ನಾಲ್ಕಕ್ಕೂ ಒಂದೊಂದು ಬಣ್ಣ: ಬೆಳಕಿನ ಅಲೆಯ ಉದ್ದದಲ್ಲಿ ಹೇಳುವುದಾದರೆ ಹಸಿರು 546 ನ್ಯಾನೊಮೀಟರ್, ಹಳದಿ-ಹಸಿರು 560, ಹಳದಿ 578, ಕಿತ್ತಳೆ 593. ಉರಿಯುವ ವಸ್ತು, ಅಂದರೆ ಲೂಸಿಫೆರಿನ್, ನಾಲ್ಕಕ್ಕೂ ಒಂದೇ. ಕಿಣ್ವದ ಸಣ್ಣ ವ್ಯತ್ಯಾಸವೇ ಬಣ್ಣ ಬದಲಿಸುತ್ತದೆ. ಆಮ್ಲೀಯತೆ ಏರಿದರೆ ಮಿಂಚುಹುಳದ ಕಿಣ್ವದ ಬೆಳಕು ಕೆಂಪಿಗೆ ತಿರುಗುತ್ತದೆ. ಕ್ಲಿಕ್ ದುಂಬಿಯದು ಹಾಗೆ ತಿರುಗುವುದಿಲ್ಲ, ತನ್ನ ಬಣ್ಣವನ್ನು ಹಿಡಿದುಕೊಂಡೇ ಇರುತ್ತದೆ. ಜೀವಕೋಶದ ಪ್ರಯೋಗಗಳಲ್ಲಿ ಗುರುತಿನ ದೀಪವಾಗಿ ಇವನ್ನು ಬಳಸಲು ಇದೂ ಒಂದು ಕಾರಣ. ಅಂದ ಹಾಗೆ ಈ ರಸಾಯನಶಾಸ್ತ್ರದ ಕಥೆ ಶುರುವಾದದ್ದೂ ಇದೇ ಹುಳದಿಂದ. 1885ರಲ್ಲಿ ಫ್ರಾನ್ಸಿನ ರಫಾಯೆಲ್ ದ್ಯುಬ್ವಾ ಪೈರೊಫೋರಸ್‌ನ ದೀಪಗಳಿಂದ ತಣ್ಣೀರಿನ ಸಾರ ಒಂದು, ಬಿಸಿನೀರಿನ ಸಾರ ಒಂದು ತೆಗೆದ. ತಣ್ಣೀರಿನದು ಉರಿದುರಿದು ಆರಿಹೋಯಿತು. ಬಿಸಿಯದರಲ್ಲಿ ಬೆಳಕೇ ಇರಲಿಲ್ಲ. ಎರಡನ್ನೂ ಬೆರೆಸಿದಾಗ ಮತ್ತೆ ಹೊತ್ತಿತು. ಮೊದಲನೆಯದರಲ್ಲಿ ಲೂಸಿಫೆರಿನ್ ಮುಗಿದು ಕಿಣ್ವ ಉಳಿದಿತ್ತು. ಎರಡನೆಯದರಲ್ಲಿ ಬಿಸಿಗೆ ಕಿಣ್ವ ಕೆಟ್ಟು ಲೂಸಿಫೆರಿನ್ ಉಳಿದಿತ್ತು. ಎರಡು ಲೋಟ ನೀರಿನಲ್ಲಿ ಇಷ್ಟು ದೊಡ್ಡ ಸಂಗತಿಯನ್ನು ಬಿಡಿಸಿದ್ದು ನನಗೆ ಇಂದಿಗೂ ಬೆರಗು.

ತಪ್ಪಾಗಿ ಗುರುತಿಸುವ ವಿಷಯಕ್ಕೆ ಬರುತ್ತೇನೆ. ಅತಿ ಹೆಚ್ಚು ತಪ್ಪಾಗುವುದು ಅಲೌಸ್ ಕುಲದ ಜೊತೆ. ಉತ್ತರ ಅಮೆರಿಕದ ಪೂರ್ವಭಾಗದ ಅಲೌಸ್ ಆಕ್ಯುಲೇಟಸ್ ಹುಳದ ಮುನ್ನೆದೆಯ ಮೇಲೆ ಎರಡು ದೊಡ್ಡ ಕಪ್ಪು ಮಖಮಲ್ಲಿನಂಥ ಕಣ್ಣುಗಳಿವೆ, ಸುತ್ತ ಬಿಳಿ ಅಂಚು. ಹುಳವೂ ದೊಡ್ಡದು, 25ರಿಂದ 45 ಮಿಲಿಮೀಟರ್. ಫೋಟೊ ನೋಡಿದವರು ಇವೇ ಬೆಳಗುವ ದೀಪಗಳು ಎಂದುಕೊಳ್ಳುತ್ತಾರೆ. ಅವು ಬರೀ ಬಣ್ಣ, ಶತ್ರುವಿಗೆ ತೋರಿಸುವ ಸುಳ್ಳು ಕಣ್ಣು. ಬೇರ್ಪಡಿಸುವುದು ಸುಲಭ. ಸುಳ್ಳು ಕಣ್ಣು ಫಲಕದ ಮುಂದಿನ ಅರ್ಧದಲ್ಲಿ, ನಡುಗೆರೆಯ ಅಕ್ಕಪಕ್ಕ ಇರುತ್ತದೆ. ದೀಪ ಹಿಂದಿನ ಮೂಲೆಯಲ್ಲಿ. ಸುಳ್ಳು ಕಣ್ಣು ಕಪ್ಪು ಮತ್ತು ಸಪಾಟು. ದೀಪ ಹಳದಿ ಮತ್ತು ಉಬ್ಬು. ಮಿಂಚುಹುಳದ ಜೊತೆ ಗೊಂದಲವಾದರೆ ತಲೆ ನೋಡಿ: ಮಿಂಚುಹುಳದ ತಲೆಯನ್ನು ಫಲಕ ಮೇಲಿನಿಂದ ಕೊಡೆಯಂತೆ ಮುಚ್ಚಿರುತ್ತದೆ, ರೆಕ್ಕೆಚಿಪ್ಪು ಮೆತ್ತಗಿರುತ್ತದೆ, ಗೂಟವೂ ಕುಳಿಯೂ ಇರುವುದಿಲ್ಲ.

ಮರಿಹುಳಗಳೂ ಬೆಳಗುತ್ತವೆ. ಕ್ಲಿಕ್ ದುಂಬಿಯ ಮರಿ ಎಂದರೆ ಕೃಷಿಯಲ್ಲಿ ಕೆಟ್ಟ ಹೆಸರು. ಆಗ್ರಿಯೋಟಿಸ್ ಕುಲದ ತಂತಿಹುಳುಗಳು ಆಲೂಗಡ್ಡೆಯನ್ನು ಕೊರೆದು ಹಾಳು ಮಾಡುತ್ತವೆ. ಪೈರೊಫೊರಿನಿ ಮರಿಗಳ ದಾರಿ ಬೇರೆ, ಇವು ಬೇಟೆಗಾರರು. ಪೋರ್ಟೊ ರಿಕೊದ ಕಬ್ಬಿನ ಗದ್ದೆಗಳಲ್ಲಿ ಇಗ್ನೆಲೇಟರ್ ಲ್ಯೂಮಿನೋಸಸ್‌ನ ಮರಿ ಮಣ್ಣಿನೊಳಗಿನ ಗೊಣ್ಣೆಹುಳುಗಳನ್ನು ತಿನ್ನುತ್ತದೆ, ಹಾಗಾಗಿ ಅದು ಬೆಳೆಯ ಮಿತ್ರ.

ಆದರೆ ಮರಿಗಳ ವಿಷಯದಲ್ಲಿ ಮನಸ್ಸು ನಿಲ್ಲುವುದು ಬ್ರೆಜಿಲ್‌ನ ಸೆರ್ರಾಡೊ ಹುಲ್ಲುಗಾಡಿನಲ್ಲಿ. ಗೊಯಾಸ್ ರಾಜ್ಯದ ಎಮಾಸ್ ರಾಷ್ಟ್ರೀಯ ಉದ್ಯಾನದಲ್ಲಿ ಗೆದ್ದಲಿನ ಹುತ್ತಗಳು ಬಯಲ ತುಂಬ ಇವೆ. ಪೈರಿಯಾರಿನಸ್ ಟರ್ಮಿಟಿಲ್ಯೂಮಿನಾನ್ಸ್ ಎಂಬ ಪ್ರಭೇದದ ಮರಿಗಳು ಹುತ್ತದ ಹೊರಪದರದಲ್ಲಿ ಸುರಂಗ ಕೊರೆದು ಇರುತ್ತವೆ. ಮಳೆಗಾಲ ಶುರುವಾಗುವ ಹೊತ್ತಿಗೆ, ಸೆಖೆ ಮತ್ತು ತೇವ ಎರಡೂ ಇರುವ ರಾತ್ರಿ, ಮರಿ ತನ್ನ ತೂತಿನ ಬಾಯಿಗೆ ಬಂದು ತಲೆ ಮತ್ತು ಮುನ್ನೆದೆಯನ್ನಷ್ಟೇ ಹೊರಗೆ ಚಾಚುತ್ತದೆ. ಮುನ್ನೆದೆಯಲ್ಲಿ ಹಸಿರು ಬೆಳಕು. ರೆಕ್ಕೆ ಬಂದ ಗೆದ್ದಲು, ರೆಕ್ಕೆ ಬಂದ ಇರುವೆ ಆ ಬೆಳಕಿಗೆ ಬಂದು ಬೀಳುತ್ತವೆ. ಮರಿ ಕಚ್ಚಿ ಒಳಗೆಳೆದುಕೊಳ್ಳುತ್ತದೆ. ಒಂದೇ ಹುತ್ತದಲ್ಲಿ ಎಷ್ಟೋ ಮರಿಗಳು ಇರುವುದರಿಂದ ಹುತ್ತ ಪೂರ್ತಿ ಹಸಿರು ಚುಕ್ಕಿಗಳಿಂದ ತುಂಬುತ್ತದೆ. ಈ ಪ್ರಭೇದಕ್ಕೆ 1982ರಲ್ಲಿ ಹೆಸರಿಟ್ಟವರು ಬ್ರೆಜಿಲ್‌ನ ಕೀಟವಿಜ್ಞಾನಿ ಕ್ಲೈಡಿ ಕೋಸ್ಟಾ. ಅವರ ಹೆಸರು ಇನ್ನೊಂದು ಕಾರಣಕ್ಕೂ ಮುಂದೆ ಬರುತ್ತದೆ.

ಈಗ ಭೂಪಟವನ್ನು ಬಿಚ್ಚೋಣ. ಪೈರೊಫೊರಿನಿಯ ಉತ್ತರದ ಅಂಚು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗ: ಅರಿಜೋನಾದಲ್ಲಿ ವೆಸ್ಪರೆಲೇಟರ್ ಕುಲ, ಟೆಕ್ಸಾಸ್ ಮತ್ತು ಫ್ಲೋರಿಡಾದಲ್ಲಿ ಡೈಲೆಲೇಟರ್ ಕುಲ. ಅಲ್ಲಿಂದ ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು, ಅಮೆಜಾನ್ ಕಾಡು, ಸೆರ್ರಾಡೊ, ಹೀಗೆ ಅರ್ಜೆಂಟೀನಾದವರೆಗೆ. ಉತ್ತರದ ಅಂಚಿನಲ್ಲಿ ಬೆರಳೆಣಿಕೆಯ ಪ್ರಭೇದಗಳು, ಉಷ್ಣವಲಯಕ್ಕೆ ಬಂದಂತೆ ವೈವಿಧ್ಯ ಏರುತ್ತದೆ. ಕೆರಿಬಿಯನ್‌ನಲ್ಲಿ ಜನ ಇವನ್ನು ಚೆನ್ನಾಗಿ ಬಲ್ಲರು. ಕ್ಯೂಬಾದಲ್ಲಿ ಕೊಕುಯೊ, ಪೋರ್ಟೊ ರಿಕೊದಲ್ಲಿ ಕುಕುಬಾನೊ. ಹದಿನಾರನೆಯ ಶತಮಾನದ ಸ್ಪೇನಿನ ಬರಹಗಾರರು ಅಲ್ಲಿಯ ಜನ ಈ ಹುಳಗಳನ್ನು ರಾತ್ರಿ ದೀಪವಾಗಿ ಬಳಸುತ್ತಿದ್ದುದನ್ನು ಬರೆದಿಟ್ಟಿದ್ದಾರೆ.

ಹಂಚಿಕೆಯ ಪಟ್ಟಿ ಮಾಡಲು ಕೂತವರು ಮೊದಲು ಎಡವುವುದು ಹೆಸರುಗಳಲ್ಲಿ. ಹಳೆಯ ಬರಹಗಳಲ್ಲಿ ಬೆಳಗುವ ಕ್ಲಿಕ್ ದುಂಬಿ ಎಂದರೆ ಹೆಚ್ಚುಕಡಿಮೆ ಎಲ್ಲವೂ ಪೈರೊಫೋರಸ್. 1975ರಲ್ಲಿ ಕೋಸ್ಟಾ ಈ ಪಂಗಡವನ್ನು ಪೂರ್ತಿಯಾಗಿ ಪರಿಶೀಲಿಸಿ ಹಲವು ಕುಲಗಳಾಗಿ ವಿಂಗಡಿಸಿದರು. ಪೋರ್ಟೊ ರಿಕೊದ ಹಳೆಯ ಪೈರೊಫೋರಸ್ ಲ್ಯೂಮಿನೋಸಸ್ ಇವತ್ತಿನ ಇಗ್ನೆಲೇಟರ್ ಲ್ಯೂಮಿನೋಸಸ್. ಇದನ್ನು ಗಮನಿಸದೆ ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಸೇರಿಸಿದರೆ ಒಂದೇ ಹುಳ ಒಂದೇ ದ್ವೀಪದಲ್ಲಿ ಎರಡು ಸಲ ಎಣಿಕೆಯಾಗುತ್ತದೆ, ಪೈರೊಫೋರಸ್ ಕುಲದ ನೆಲೆಯೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಯಾವ ದಾಖಲೆ ತೆಗೆದುಕೊಂಡರೂ ಅದು 1975ಕ್ಕಿಂತ ಹಿಂದಿನದೋ ಮುಂದಿನದೋ ಎಂದು ಮೊದಲು ನೋಡಿ.

ಪೈರೊಫೊರಿನಿಯ ಹೊರಗೆ ಬೆಳಗುವವು ಕೆಲವೇ. ಅವುಗಳ ಜಾಗ ಬಹಳ ವಿಚಿತ್ರ. ಚಿಲಿಯ ದಕ್ಷಿಣದ ತಂಪು ಕಾಡುಗಳಲ್ಲಿ ಕ್ಯಾಂಪಿಲಾಕ್ಸೀನಸ್ ಪೈರೊಥೊರಾಕ್ಸ್ ಇದೆ. ಇದಕ್ಕೆ ಮುನ್ನೆದೆಯಲ್ಲಿ ದೀಪವಿದೆ, ಹೊಟ್ಟೆಯಲ್ಲಿಲ್ಲ. ಪೆಸಿಫಿಕ್ ದಾಟಿದರೆ ವನುವಾಟು ಮತ್ತು ಫಿಜಿಯಲ್ಲಿ ಫೋಟೊಫೋರಸ್ ಕುಲ. ಅಮೆರಿಕದ ಬಳಗದಿಂದ ಇಷ್ಟು ದೂರದ ದ್ವೀಪಗಳಲ್ಲಿ ಇವು ಇರುವುದು ಈ ಭೂಪಟದ ದೊಡ್ಡ ಪ್ರಶ್ನೆ.

ಏಷ್ಯಾ ಖಂಡದಲ್ಲಿ ಬೆಳಗುವ ಕ್ಲಿಕ್ ದುಂಬಿ ಒಂದೂ ದಾಖಲಾಗಿರಲಿಲ್ಲ. 2017ರಲ್ಲಿ ಚೀನಾದ ಯುನಾನ್ ಪ್ರಾಂತ್ಯದ ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿನಲ್ಲಿ ಒಂದು ಸಿಕ್ಕಿತು. 2019ರಲ್ಲಿ ಅದಕ್ಕೆ ಸೈನೊಪೈರೊಫೋರಸ್ ಶಿಮ್ಮೆಲಿ ಎಂದು ಹೆಸರಿಟ್ಟು, ಅದೊಂದಕ್ಕಾಗಿಯೇ ಹೊಸ ಉಪಕುಟುಂಬವನ್ನು ರಚಿಸಿದರು. ಇದರ ಮೈ ನೋಡಿ: ಹೆಗಲ ದೀಪವೇ ಇಲ್ಲ. ಇರುವುದು ಹೊಟ್ಟೆಯಲ್ಲಿ ಒಂದೇ ದೀಪ. ಚಿಲಿಯದಕ್ಕೆ ಎದೆಯಲ್ಲಷ್ಟೇ, ಯುನಾನಿನದಕ್ಕೆ ಹೊಟ್ಟೆಯಲ್ಲಷ್ಟೇ, ನಡುವಿನ ದೊಡ್ಡ ಅಮೆರಿಕದ ಬಳಗಕ್ಕೆ ಎರಡೂ. ಮೈಯ ಮೇಲಿನ ಜಾಗವನ್ನೂ ಭೂಪಟದ ಜಾಗವನ್ನೂ ಒಟ್ಟಿಗೆ ನೋಡಬೇಕೆಂದು ಮೊದಲಲ್ಲಿ ಹೇಳಿದ್ದು ಇದಕ್ಕೇ. ಎಲ್ಲ ಬೆಳಗುವ ಕ್ಲಿಕ್ ದುಂಬಿಗಳೂ ಒಂದೇ ದೀಪದ ವಾರಸುದಾರರು ಎಂದು ಸುಲಭವಾಗಿ ಹೇಳುವ ಹಾಗಿಲ್ಲ. ಮಿಂಚುಹುಳಗಳ ಜೊತೆಗಿನ ಸಂಬಂಧದಲ್ಲಂತೂ ಉತ್ತರ ಸಿಕ್ಕಿದೆ. 2018ರಲ್ಲಿ ಎರಡು ಮಿಂಚುಹುಳಗಳ ಮತ್ತು ಇಗ್ನೆಲೇಟರ್ ಲ್ಯೂಮಿನೋಸಸ್‌ನ ಜೀನೋಮ್‌ಗಳನ್ನು ಓದಿ ಹೋಲಿಸಿದಾಗ, ಎರಡೂ ಕುಟುಂಬಗಳು ಬೆಳಕನ್ನು ಬೇರೆಬೇರೆಯಾಗಿಯೇ ಪಡೆದವು ಎಂಬ ತೀರ್ಮಾನ ಬಂತು. ಕೊಬ್ಬಿನಾಮ್ಲಗಳನ್ನು ಸಂಸ್ಕರಿಸುವ ಹಳೆಯ ಕಿಣ್ವವೊಂದು ಎರಡು ಕಡೆ, ಎರಡು ಸಲ, ಲೂಸಿಫರೇಸ್ ಆಯಿತು.

ಯುನಾನಿನ ಹುಳ ಇಷ್ಟು ತಡವಾಗಿ ಸಿಕ್ಕಿದ್ದರಿಂದ ಒಂದು ಕೆಲಸದ ಮಾತು ಹೇಳಬೇಕು. ಹೊಟ್ಟೆ ದೀಪ ಮಾತ್ರ ಇರುವ ಹುಳ ಪೆಟ್ಟಿಗೆಯಲ್ಲಿ ಪಿನ್ ಮೇಲೆ ಕೂತಿದ್ದರೆ, ಮೇಲಿನಿಂದ ನೋಡಿದವರಿಗೆ ಅದು ಸಾಮಾನ್ಯ ಕಂದು ಕ್ಲಿಕ್ ದುಂಬಿ. ಹುಳ ಒಣಗುವಾಗ ಹೊಟ್ಟೆ ಎದೆಗೆ ಬಿಗಿದುಕೊಂಡು ಸಂದಿ ಪೂರ್ತಿ ಮುಚ್ಚಿಹೋಗುತ್ತದೆ. ಕಾರ್ಡಿನ ಮೇಲೆ ಹೊಟ್ಟೆ ಕೆಳಗಾಗಿ ಅಂಟಿಸಿದ್ದರೆ ಇನ್ನೂ ಕಷ್ಟ. ಸಂಶಯವಿದ್ದ ಹುಳವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಹೀರುಕಾಗದದ ಮೇಲೆ ಒಂದು ದಿನ ಇಡಿ. ಬೂಷ್ಟು ಬಾರದಂತೆ ಒಂದೆರಡು ಥೈಮಾಲ್ ಹರಳು ಹಾಕಿ. ಹುಳ ನೇರವಾಗಿ ನೀರಿಗೆ ತಾಗಬಾರದು, ತಾಗಿದರೆ ಮೈಮೇಲಿನ ಕೂದಲು ಅಂಟಿಕೊಂಡು ಬಣ್ಣವೇ ಬದಲಾದಂತೆ ಕಾಣುತ್ತದೆ. ಕೀಲು ಮೆತ್ತಗಾದ ಮೇಲೆ ಸಪೂರ ಸೂಜಿಯಿಂದ ಹೊಟ್ಟೆಯನ್ನು ನಿಧಾನವಾಗಿ ಕೆಳಗೆ ಒತ್ತಿ, ಸಂದಿಯಲ್ಲಿ ಹಳದಿ ಮಾಸಲು ಪಟ್ಟಿ ಇದೆಯೇ ನೋಡಿ. ಗಡಿಬಿಡಿ ಮಾಡಿದರೆ ಹೊಟ್ಟೆ ಕಳಚಿ ಬರುತ್ತದೆ. ಇನ್ನೊಂದು ಕೇಡು ಎಣ್ಣೆ: ಹಳೆಯ ಹುಳಗಳ ಮೈಯಿಂದ ಕೊಬ್ಬು ಹೊರಬಂದು ಚಿಪ್ಪಿನ ಮೇಲೆ ಹರಡಿದಾಗ ಹೆಗಲ ಉಬ್ಬೂ ಕಂದಾಗಿಬಿಡುತ್ತದೆ, ದೀಪವೇ ಇಲ್ಲವೆಂದು ಬರೆಯುವ ಅಪಾಯವಿದೆ. ಬಣ್ಣ ನಂಬಬೇಡಿ, ಓರೆ ಬೆಳಕು ಬಿಟ್ಟು ಉಬ್ಬನ್ನು ಹುಡುಕಿ.

ಜೀವಂತ ಹುಳ ಸಿಕ್ಕರೆ ಟಾರ್ಚ್ ಆರಿಸಿ, ಕಣ್ಣು ಕತ್ತಲೆಗೆ ಒಗ್ಗಲು ಹತ್ತು ನಿಮಿಷ ಬಿಡಿ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ದೀಪ ಬರೀ ಹಳದಿ ಚುಕ್ಕೆಯಾಗಿ ಕಾಣುತ್ತದೆ; ಫ್ಲ್ಯಾಶ್ ಇಲ್ಲದೆ ಒಂದು, ಫ್ಲ್ಯಾಶ್ ಹಾಕಿ ಒಂದು, ಎರಡೂ ಬೇಕು. ಚೀಟಿಯಲ್ಲಿ ಜಾಗ, ತಾರೀಖು, ಎತ್ತರದ ಜೊತೆಗೆ ಇವನ್ನೂ ಬರೆಯಿರಿ: ಹುಳ ಕೂತಿತ್ತೋ ಹಾರುತ್ತಿತ್ತೋ, ಬೆಳಕು ಎದೆಯದೋ ಹೊಟ್ಟೆಯದೋ, ಎರಡರ ಬಣ್ಣವೂ ಬೇರೆಬೇರೆಯಾಗಿ. ಮರದ ದಿಮ್ಮಿ ಇಳಿಸುವ ಬಂದರಿನ ಹತ್ತಿರ ಸಿಕ್ಕಿದ್ದರೆ ಅದನ್ನು ತಪ್ಪದೆ ಬರೆಯಿರಿ. ಮರದೊಳಗೆ ಕೂತು ಸಮುದ್ರ ದಾಟಿ ಬಂದ ಒಂದು ಹುಳ, ಚೀಟಿಯಲ್ಲಿ ಆ ಒಂದು ಸಾಲು ಇಲ್ಲದಿದ್ದರೆ, ಪ್ರಭೇದದ ನೆಲೆಯನ್ನು ಇನ್ನೊಂದು ಖಂಡಕ್ಕೆ ಹಿಗ್ಗಿಸಿಬಿಡುತ್ತದೆ.